ಭಾಗ್ಯನಗರದಲ್ಲಿ ಸಹಾಯ ಬರೆದ ಬೇಸಿಗೆ

ಹೋದ ತಿಂಗಳು ಹೊಲಿಗೆ ಯಂತ್ರವನ್ನು ರಿಪೇರಿಗೆ ಒಯ್ದಿದ್ದೆ. ಅಂಗಡಿಯವನು ಎಣ್ಣೆಡಬ್ಬಿಯ ಮೂತಿಯನ್ನು ಯಂತ್ರದ ಸಂದಿಗೆ ತೂರಿಸಿ ಎರಡು ಹನಿ ಬಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲೇ ಸುಸ್ತು ಹತ್ತಿತು. ಬೇರೆಯವರಿಗೆ ಹಳೆಯ ವಾಸನೆಗಳಿಂದ ಬಾಲ್ಯ ನೆನಪಾಗುತ್ತದೆ, ಅಜ್ಜಿ ನೆನಪಾಗುತ್ತಾಳೆ. ನನಗೆ ನೆನಪಾಗುವುದು ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟು, ಅದರ ಕಾದ ತಗಡಿನ ಮಾಡು, ಅದರಡಿ ಕೂತು ಯಾರೂ ಓದದ ಒಂದು ಬಗೆಯ ಬರಹವನ್ನು ತಿದ್ದುತ್ತಾ ಕಳೆದ ಬೇಸಿಗೆ. ನೆನಪು ಕೂಡ ದಣಿಸುತ್ತದೆ ಎನ್ನುವುದು ಈ ವಯಸ್ಸಿನಲ್ಲಿ ಗೊತ್ತಾಗುತ್ತಿದೆ.

ಎರಡು ಸಾವಿರದ ಹತ್ತರ ಆಸುಪಾಸು. ಪರದೆಯ ಮೇಲೆ ಕನ್ನಡದ ಒತ್ತಕ್ಷರ ಮುರಿಯದೆ ಮೂಡಿದರೆ ಅದೇ ಒಂದು ಸುದ್ದಿಯಾಗಿದ್ದ ಕಾಲ. ನಾನು ಕೊಪ್ಪಳದ ಒಂದು ಕಾಲೇಜಿಗೆ ಕನ್ನಡ ಉಪನ್ಯಾಸಕಿಯಾಗಿ ವರ್ಗವಾಗಿ ಬಂದಿದ್ದೆ. ಊರು ನನಗೆ ಒಗ್ಗಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಊರಿಗೆ ಒಗ್ಗಿರಲಿಲ್ಲ. ಹಾಸನದ ಕಡೆಯ ಗಾಳಿಯಲ್ಲಿ ಬೆಳೆದ ಮೈ, ಮಾರ್ಚಿಗೇ ಬೇಯತೊಡಗಿತ್ತು. ಹಗಲೆಲ್ಲ ಕಾದ ಬಂಡೆಗಳು ಸಂಜೆಯಾದರೂ ಆರುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದಿ ತಿದ್ದಿ ಕಣ್ಣು ಕೆಂಪಾಗಿತ್ತು. ರಜೆಗೆ ಊರಿಗೆ ಹೋಗೋಣವೆಂದರೆ ಯಾವುದೋ ತರಬೇತಿಗೆ ನನ್ನ ಹೆಸರು ಹಾಕಿ ಕೂರಿಸಿದ್ದರು. ಇಂಥ ಸ್ಥಿತಿಯಲ್ಲಿ ಒಂದು ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಈರಣ್ಣನವರ ಇನ್‌ಸ್ಟಿಟ್ಯೂಟಿಗೆ ಹೋದವಳು ಸಿಕ್ಕಿಬಿದ್ದೆ.

ಈರಣ್ಣನವರಿಗೆ ಆಗ ಐವತ್ತು ದಾಟಿತ್ತು. ಟೈಪರೈಟರಿನ ಕಾಲ ಮುಗಿದದ್ದನ್ನು ಅವರು ಒಪ್ಪಿಕೊಂಡಿದ್ದರು, ಆದರೆ ಟೈಪರೈಟರುಗಳಿಗೆ ಅದನ್ನು ತಿಳಿಸಿರಲಿಲ್ಲ. ಅರ್ಧ ಕೋಣೆಯಲ್ಲಿ ಅವು ಮುಸುಕು ಹೊದ್ದು ಕೂತಿದ್ದವು. ವಾರಕ್ಕೊಮ್ಮೆ ಮುಸುಕು ಸರಿಸಿ ಎಣ್ಣೆ ಬಿಡುತ್ತಿದ್ದರು. ಇನ್ನರ್ಧ ಕೋಣೆಯಲ್ಲಿ ಯಾರೋ ಬೇಡವೆಂದು ಕೊಟ್ಟ ಕಂಪ್ಯೂಟರುಗಳು. ಪಕ್ಕದ ಮನೆಯ ಮಗ್ಗದ ಲಟಕ್ ಪಟಕ್ ಸದ್ದು ಗೋಡೆ ತೂರಿ ಬರುತ್ತಿತ್ತು. ಕರೆಂಟು ಹೋದಾಗ ಕಂಪ್ಯೂಟರುಗಳು ಸುಮ್ಮನಾಗುತ್ತಿದ್ದವು, ಮಗ್ಗ ಮಾತ್ರ ನಡೆಯುತ್ತಲೇ ಇರುತ್ತಿತ್ತು.

ಆ ಕಂಪ್ಯೂಟರುಗಳಲ್ಲಿ ಇದ್ದದ್ದು ಮುಕ್ತ ತಂತ್ರಾಂಶ. ಯಾವ ಕಂಪನಿಯ ಸೊತ್ತೂ ಅಲ್ಲದ್ದು. ಲೋಕದ ಮೂಲೆಮೂಲೆಯ ಜನ ತಮ್ಮ ಬಿಡುವಿನಲ್ಲಿ ಕಟ್ಟಿ, ಯಾರು ಬೇಕಾದರೂ ಬಳಸಿ, ಯಾರು ಬೇಕಾದರೂ ತಿದ್ದಿ ಎಂದು ಬಿಟ್ಟ ಸಾಮಾನು. ಅದರ ಗುಂಡಿಗಳ ಹೆಸರುಗಳನ್ನು ಯಾರೋ ಪುಣ್ಯಾತ್ಮರು ಆಗಲೇ ಕನ್ನಡಕ್ಕೆ ತಂದಿದ್ದರು. ಆದರೆ ದಾರಿ ತಪ್ಪಿದಾಗ ಒತ್ತುವ 'ಸಹಾಯ' ಎಂಬುದೊಂದು ಇದೆಯಲ್ಲ, ಅದನ್ನು ಒತ್ತಿದರೆ ಮಾತ್ರ ಇಡೀ ಇಂಗ್ಲಿಷು ದೊಪ್ಪನೆ ಎದುರಿಗೆ ಬೀಳುತ್ತಿತ್ತು. ಕಲಿಯಲು ಬಂದವರು ಅದನ್ನು ನೋಡಿ, ಏನೋ ಕೆಡಿಸಿಬಿಟ್ಟೆವೆಂದು ಹೆದರಿ, ಕುರ್ಚಿ ಬಿಟ್ಟು ಏಳುತ್ತಿದ್ದರು. ಈರಣ್ಣನವರು ಆ ತಂತ್ರಾಂಶವನ್ನು ಕನ್ನಡಕ್ಕೆ ತರುವ ಯೋಜನೆಯವರಿಗೆ ಕಾಗದ ಬರೆದರು. ಬೆಂಗಳೂರಿನಲ್ಲಿದ್ದ ಸಂಯೋಜಕರು, ಅವರೂ ಸಂಬಳವಿಲ್ಲದ ಸ್ವಯಂಸೇವಕರೇ, ಸಹಾಯದ ಪುಟಗಳನ್ನು ಬರೆಯಲು ಜನವೇ ಇಲ್ಲ, ನೀವೇ ಬರೆಯಿರಿ ಎಂದು ಉತ್ತರಿಸಿದರು.

"ನೀವು ಕನ್ನಡಾ ಕಲಸೂ ಮೇಡಮ್ಮಾರು ಅದೀರಿ. ನಾವು ಬರದದ್ದನ್ನ ಒಂದೀಟು ತಿದ್ದಿ ಕೊಡ್ರಿ," ಎಂದರು ಈರಣ್ಣನವರು, ನನ್ನ ಪ್ರಶ್ನೆಪತ್ರಿಕೆಯನ್ನು ಕೈಯಲ್ಲೇ ಹಿಡಿದುಕೊಂಡು. "ಎಲ್ಡು ಐತವಾರದ ಕೆಲಸರಿ, ಅಷ್ಟ."

ಯುಗಾದಿ ಕಳೆದ ಮೇಲೆ ಶುರುವಾದ ಆ ಎರಡು ಭಾನುವಾರಗಳು ಶ್ರಾವಣದವರೆಗೂ ಮುಗಿಯಲಿಲ್ಲ.

ಮೂರನೆಯವರು ಗಂಗಾವತಿಯ ರುದ್ರಗೌಡರು. ಅಲ್ಲಿನ ಯಾವುದೋ ಕಚೇರಿಯಲ್ಲಿ ಗುಮಾಸ್ತರು. ಭಾನುವಾರದ ಬಸ್ಸಿಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದರು. ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು, ಮಿರ್ಚಿ ಮೆತ್ತಗಾಗಿರುತ್ತಿತ್ತು. ಒಳ್ಳೆಯ ಮನುಷ್ಯ. ಆದರೆ ಪೆನ್ನು ಹಿಡಿದರೆ ಸರ್ಕಾರವೇ ಮೈಮೇಲೆ ಬರುತ್ತಿತ್ತು. "ಸದರಿ ಗುಂಡಿಯನ್ನು ಬಳಕೆದಾರರು ಒತ್ತತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ..." ಎಂದು ಒಂದು ಸಾಲು ಓದಿದ ಮೇಲೆ ಆ ಗುಂಡಿಯನ್ನು ಯಾರು ತಾನೇ ಒತ್ತುತ್ತಾರೆ? ಈರಣ್ಣನವರದು ಇನ್ನೊಂದು ಬಗೆ. ತರಗತಿಯಲ್ಲಿ ಕೂಗಿ ಹೇಳುವುದನ್ನೆಲ್ಲ ಒಂದೇ ಉಸಿರಿನಲ್ಲಿ ಬರೆದುಬಿಡುತ್ತಿದ್ದರು. ಅಕ್ಷರ ದಪ್ಪ ಮಾಡುವುದು ಹೇಗೆಂದು ಕೇಳಿದವನು ಪುಟ ಮುಗಿಸುವ ಹೊತ್ತಿಗೆ ಮುದ್ರಣ, ಅಂಚು, ಪ್ರಿಂಟರಿನ ಧೂಳು ಒರೆಸುವುದು ಎಲ್ಲವನ್ನೂ ದಾಟಿ ಬಂದಿರುತ್ತಿದ್ದ. ಇನ್ನು ನನ್ನದು. "ತಮ್ಮ ಬರಹವನ್ನು ಗಣಕದ ಸ್ಮೃತಿಕೋಶದಲ್ಲಿ ಸಂರಕ್ಷಿಸಿಕೊಳ್ಳಿ." ಬರೆದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತ್ತು. ಮೂವರದೂ ಒಂದೊಂದು ರೋಗ. ಒಬ್ಬರು ಇನ್ನೊಬ್ಬರದನ್ನು ನೋಡಿ ನಗುತ್ತಿದ್ದೆವು, ತಿದ್ದುತ್ತಿದ್ದೆವು, ತಿದ್ದಿದ್ದನ್ನು ಮತ್ತೆ ತಿದ್ದುತ್ತಿದ್ದೆವು. ಪುಟಗಳು ಮಾತ್ರ ಇದ್ದಲ್ಲೇ ಇರುತ್ತಿದ್ದವು.

ಅಷ್ಟರಲ್ಲಿ ಶಾಂತವ್ವ ಬಂದಳು.

ಯಲಬುರ್ಗಾ ಕಡೆಯ ಬೇವೂರಿನವಳು. ಮೂವತ್ತರ ಒಳಗಿನ ಹೆಣ್ಣು. ಪಿಯುಸಿ ಓದಿ ಮದುವೆಯಾಗಿ ಬಂದವಳು. ಮನೆಯಲ್ಲಿ ಒಣಭೂಮಿ, ನಾಲ್ಕು ಕುರಿ. ಮಳೆಗಾಲ ಬಂತೆಂದರೆ ಊರ ಹೆಂಗಸರೆಲ್ಲ ಟೆಂಪೋ ಹತ್ತಿ ಗಂಗಾವತಿಯ ಕಾಲುವೆ ಸೀಮೆಗೆ ಭತ್ತದ ಸಸಿ ನೆಡಲು ಕೂಲಿಗೆ ಹೋಗುವುದು ರೂಢಿ. ಇವಳೂ ಹೋಗಿದ್ದಳು, ಮದುವೆಯಾದಂದಿನಿಂದ. ಯಲಬುರ್ಗಾದಲ್ಲಿ ಹೊಸದಾಗಿ ಶುರುವಾಗಲಿದ್ದ ಒಂದು ಸೇವಾಸಂಸ್ಥೆಯ ಕಚೇರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಬಲ್ಲ ಒಬ್ಬರು ಬೇಕಾಗಿದ್ದರು. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಪರೀಕ್ಷೆ, ಪಾಸಾದವರಿಗೆ ಕೆಲಸ. ಅದಕ್ಕೆಂದು ಬೆಳಗಿನ ಬಸ್ಸು ಹಿಡಿದು ಕಲಿಯಲು ಬರುತ್ತಿದ್ದಳು.

"ಬಗ್ಗಿ ಬಗ್ಗಿ ನಡಾ ಹೋಗೇತ್ರಿ ಮೇಡಮ್ಮಾರ," ಎಂದು ಮೊದಲ ದಿನವೇ ಸೊಂಟ ಹಿಡಿದು ತೋರಿಸಿದಳು. "ಕುರ್ಚಿ ಮ್ಯಾಲ ಕುಂತು ದುಡೀಬೇಕ್ರಿ. ಅಷ್ಟ ನನ್ನ ಆಸೆ. ನಮ್ಮತ್ತಿ ಹೇಳ್ಯಾಳ, ಕಾಲುವಿಗೆ ನೀರು ಬಿಡೂ ಮಟ ಕಲಿ, ಆಮ್ಯಾಲ ಮಾತಾಡದ ಭತ್ತ ಹಚ್ಚಾಕ ನಡಿ ಅಂತ."

ಗಂಡ ಏನಂದ ಎಂದು ಕೇಳಿದೆ.

"ಅಂವೇನಂತಾನ್ರಿ, ಕುರಿ ಹಿಂದ ಹೋಗ್ಯಾನ," ಎಂದು ನಕ್ಕಳು.

ನಾವು ಬರೆದದ್ದನ್ನು ಆ ತನಕ ನಾವೇ ಓದಿಕೊಳ್ಳುತ್ತಿದ್ದೆವು. ಒಂದು ಭಾನುವಾರ ಈರಣ್ಣನವರು ಶಾಂತವ್ವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ರುದ್ರಗೌಡರ ಪುಟವನ್ನು ತೆರೆದಿಟ್ಟು, "ಇದರಾಗ ಹೆಂಗ ಐತಿ ಹಂಗ ಮಾಡವಾ ತಂಗಿ, ನಾವ್ಯಾರೂ ಬಾಯಿ ಬಿಡಂಗಿಲ್ಲ" ಎಂದರು. ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ಅವಳು ತುಟಿ ಅಲ್ಲಾಡಿಸುತ್ತಾ ಓದಿದಳು, ಬರೆದದ್ದನ್ನು ಬರೆದಂತೆ ಮಾಡಿದಳು, ಮೂರನೆಯ ಸಾಲಿಗೆ ನಿಂತಳು.

"ಇಲ್ಲಿ 'ಸೂಕ್ತವಾದುದನ್ನು ಆಯ್ಕೆ ಮಾಡತಕ್ಕದ್ದು' ಅಂತ ಐತ್ರಿ. ಸೂಕ್ತ ಯಾವುದಂತ ನನಗ ಗೊತ್ತಿದ್ರ ಈ ಪುಟ ನಾನ್ಯಾಕ ಓದಾಕ ಬರ್ತಿದ್ನಿರಿ?"

ರುದ್ರಗೌಡರ ಮುಖ ಸಣ್ಣದಾಯಿತು. "ಆದೇಶದಾಗ ಹಿಂಗ ಬರಿಯೂದವಾ," ಎಂದರು.

"ಆದೇಶ ಬಂದ್ರ ನಮ್ಮೂರಾಗ ಯಾರೂ ಓದಂಗಿಲ್ರಿ ಗೌಡ್ರ. ಸಾಲಿ ಮಾಸ್ತರ ಕಡೆ ಒಯ್ದು, ಇದೇನು ಹೇಳ್ರಿ ಅಂತಾರ."

ಈರಣ್ಣನವರು ಹೊಟ್ಟೆ ಹಿಡಿದು ನಕ್ಕರು. ಮುಂದಿನ ಪುಟ ಅವರದೇ ಆಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಶಾಂತವ್ವ, "ಸರ, ನಾ ಏನ ಕೇಳಾಕ ಬಂದಿದ್ದೆ ಅನ್ನೂದ ಮರತು ಹೋತ್ರಿ" ಎಂದಳು. ನಗು ನಿಂತಿತು. ನನ್ನ ಸ್ಮೃತಿಕೋಶದ ಮುಂದೆ ಕೂತಾಗ ಏನೂ ಹೇಳಲಿಲ್ಲ, ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನೆ ಕೂತಳು. ಅದು ಹೆಚ್ಚು ನಾಟಿತು.

ಅಲ್ಲಿಂದ ನಮ್ಮ ಬರವಣಿಗೆಯ ದಾರಿ ಬದಲಾಯಿತು. ಒಂದು ಪುಟಕ್ಕೆ ಒಂದೇ ಪ್ರಶ್ನೆ, ಅದೂ ಕೇಳುವವರ ಬಾಯಲ್ಲಿ ಬರುವ ಹಾಗೆ. 'ಪಠ್ಯ ಸಂಸ್ಕರಣೆಯ ವಿಧಾನಗಳು' ಎಂದಿದ್ದ ತಲೆಬರಹ 'ಬರೆದದ್ದು ಕಾಣುತ್ತಿಲ್ಲ, ಎಲ್ಲಿ ಹೋಯಿತು?' ಎಂದಾಯಿತು. ಇದನ್ನು ಒತ್ತಿ ಎಂದಮೇಲೆ, ಒತ್ತಿದರೆ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನೂ ಬರೆದೆವು, ಸರಿಯಾಗಿ ಬಂದೆನೆಂಬ ಧೈರ್ಯ ಬರಲಿ ಎಂದು. 'ಸೂಕ್ತ' ಎಂಬ ಪದವನ್ನು ಬಹಿಷ್ಕರಿಸಿದೆವು. ರುದ್ರಗೌಡರು 'ತಕ್ಕದ್ದು' ಬಿಟ್ಟದ್ದನ್ನು ಚಟ ಬಿಟ್ಟವರಂತೆ ಹೇಳಿಕೊಂಡು ತಿರುಗಿದರು. ಪ್ರತಿ ಪುಟವನ್ನೂ ಶಾಂತವ್ವ ಮಾಡಿ ನೋಡಿದ ಮೇಲೆಯೇ ಬೆಂಗಳೂರಿಗೆ ಕಳಿಸುವುದು. ಅವಳಿಗೂ ಅದೇ ಪಾಠವಾಯಿತು. ಮೇ ತಿಂಗಳ ಆ ಧಗೆಯಲ್ಲಿ, ಕರೆಂಟು ಬಂದಾಗ ಹದಿನೈದು ನಿಮಿಷ, ಹೋದಾಗ ಒಂದು ತಾಸು, ಹೀಗೆ ತೆವಳುತ್ತಾ ಕೆಲಸ ಸಾಗಿತು. ಮನೆಗೆ ಬಂದರೆ ಅನ್ನಕ್ಕಿಡಲೂ ಕೈ ಏಳುತ್ತಿರಲಿಲ್ಲ. ನನಗೇಕೆ ಬೇಕಿತ್ತು ಈ ಉಸಾಬರಿ ಎಂದು ಬೈದುಕೊಳ್ಳುತ್ತಿದ್ದೆ. ಆದರೆ ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೆ, ಏಕೆಂದರೆ ಅವಳು ಬಂದಿರುತ್ತಿದ್ದಳು.

ಜಗಳ ಬಂದದ್ದು ಒಂದು ಪದಕ್ಕೆ.

ಕಂಪ್ಯೂಟರಿನಲ್ಲಿ ಉಳಿಸಿಟ್ಟ ಬರಹವನ್ನು ಮತ್ತೆ ಮುಂದೆ ತಂದುಕೊಳ್ಳುವುದಕ್ಕೆ ನಮ್ಮ ಪುಟಗಳಲ್ಲಿ 'ತೆರೆಯಿರಿ' ಎಂದಿತ್ತು. ಗುಂಡಿಯ ಮೇಲೂ 'ತೆರೆ' ಎಂದೇ ಇತ್ತು. ಶಾಂತವ್ವ ಪ್ರತಿ ಸಲ ಅಲ್ಲಿ ತಡವರಿಸುತ್ತಿದ್ದಳು. ಅವಳ ಲೆಕ್ಕದಲ್ಲಿ ತೆರೆ ಎಂದರೆ ನಾಟಕದ ಪರದೆ. ಈ ಸೀಮೆಯಲ್ಲಿ ಬಾಗಿಲನ್ನು ಯಾರೂ ತೆರೆಯುವುದಿಲ್ಲ; 'ತೆಗಿ' ಎನ್ನುತ್ತಾರೆ. ಬಾಗಿಲು ತೆಗಿ, ಡಬ್ಬಿ ತೆಗಿ, ಕಣ್ಣು ತೆಗಿ.

"ಹಂಗಾದ್ರ ನಾವೂ 'ತೆಗೆಯಿರಿ' ಅಂತ ಬರಿಯೂಣ್ರಿ," ಎಂದರು ಈರಣ್ಣನವರು. "ಜನ ಆಡೂ ಮಾತು."

ನಾನು ಒಪ್ಪಲಿಲ್ಲ. "ತೆಗೆ ಅಂದರೆ ಹೊರಗೆ ಹಾಕು ಅಂತಲೂ ಆಗುತ್ತಲ್ಲ? ಕಸ ತೆಗಿ ಅನ್ನಲ್ವಾ ನೀವು? ಅಳಿಸುವುದಕ್ಕೂ ತೆರೆಯುವುದಕ್ಕೂ ಒಂದೇ ಪದ ಆದರೆ ಹೇಗೆ?"

"ಏನ್ ಮೇಡಮ್ಮಾರ, ಬಾಗಲಾ ತೆಗಿ ಅಂದ್ರ ಯಾರರ ಬಾಗಲಾ ಕಿತ್ತು ಒಗೀತಾರೇನ್ರಿ?" ಎಂದು ಈರಣ್ಣನವರು ತಿರುಗಿ ಕೇಳಿದರು.

ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಳಿಸುವ ಕೆಲಸಕ್ಕೆ ನಮ್ಮ ಪುಟಗಳಲ್ಲಿ 'ಅಳಿಸಿ' ಎಂದು ಮಾತ್ರ ಬರೆಯೋಣ, ಆಗ ಗೊಂದಲವಿಲ್ಲ ಎಂದು ರುದ್ರಗೌಡರು ನಡುವೆ ಬಂದು ತೀರ್ಮಾನ ಹೇಳಿದರು. ಅದೂ ನ್ಯಾಯವೇ ಅನ್ನಿಸಿತು. ಪುಟ ತಿದ್ದಿದೆವು: 'ನಿಮಗೆ ಬೇಕಾದ ಬರಹದ ಹೆಸರಿನ ಮೇಲೆ ಒತ್ತಿ. ಆಮೇಲೆ ಕೆಳಗಿನ ಗುಂಡಿ ಒತ್ತಿ ಅದನ್ನು ತೆಗೆಯಿರಿ.' ಶಾಂತವ್ವ ಓದಿದಳು. ಹೆಸರಿನ ಮೇಲೆ ಎರಡು ಸಲ ಟಕಟಕ ಎಂದು ಒತ್ತಿದಳು. ಹಾಗೆ ಮಾಡಿದರೆ ಕೆಳಗಿನ ಗುಂಡಿಯ ತಂಟೆಯಿಲ್ಲದೆ ಬರಹ ಮುಂದೆ ಬರುತ್ತದೆ, ತರಗತಿಯಲ್ಲಿ ಕಲಿತದ್ದು ಅದೇ.

"ಈಗ ತಿಳೀತೈತಿ ನೋಡ್ರಿ," ಎಂದಳು. "ಈಗ ನಮ್ಮ ಮನ್ಯಾಗ ಮಾತಾಡಿದಂಗ ಐತಿ."

ನಮ್ಮ ಪುಟಗಳಲ್ಲೆಲ್ಲ ಒಳ್ಳೆಯ ಪುಟ ಅದೇ ಎಂದು ಈರಣ್ಣನವರು ಬಂದವರಿಗೆಲ್ಲ ತೋರಿಸಿದರು.

ಜೂನ್ ಕಳೆಯಿತು. ಆ ವರ್ಷ ಕೊಪ್ಪಳದಲ್ಲಿ ಮಳೆ ಬಂದದ್ದಕ್ಕಿಂತ ಮೋಡ ಬಂದು ಹೋದದ್ದೇ ಹೆಚ್ಚು. ಯಲಬುರ್ಗಾದ ಸಂಸ್ಥೆಯವರು ತಮ್ಮ ಕಂಪ್ಯೂಟರುಗಳಿಗೆ ತಂತ್ರಾಂಶ ಹಾಕಿಕೊಡಲು ಈರಣ್ಣನವರನ್ನೇ ಕರೆದರು. ಹಾಕಿ ಬಂದರು, ಜೊತೆಗೆ, ಬೆಂಗಳೂರಿನವರು ಆಗಷ್ಟೇ ಸೇರಿಸಿದ್ದ ನಮ್ಮ ಕನ್ನಡ ಸಹಾಯದ ಪುಟಗಳನ್ನೂ. ಪರೀಕ್ಷೆಯಲ್ಲಿ ಯಾರನ್ನೂ ಏನೂ ಕೇಳುವಂತಿಲ್ಲ, ಬೇಕಾದರೆ ಸಹಾಯ ಒತ್ತಿ ನೋಡಿಕೊಳ್ಳಬಹುದು ಎಂದಿದ್ದರಂತೆ. ಇದನ್ನು ಹೇಳುವಾಗ ಈರಣ್ಣನವರಿಗೆ ಆದ ಸಂತೋಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾವು ಬರೆದದ್ದು ಮೊದಲ ಸಲ ಒಬ್ಬರ ಕೈಹಿಡಿಯಲಿತ್ತು, ಅದೂ ನಮ್ಮ ಶಾಂತವ್ವನ ಕೈ.

ಪರೀಕ್ಷೆಯ ಮರುದಿನ ಕಾಲೇಜು ಮುಗಿಸಿ ಸೀದಾ ಭಾಗ್ಯನಗರಕ್ಕೆ ಹೋದೆ. ಅವಳು ಟೈಪರೈಟರುಗಳ ಕಡೆಯ ಬೆಂಚಿನ ಮೇಲೆ ಕೂತಿದ್ದಳು. ಈರಣ್ಣನವರು ಅವಳ ಎದುರು ನೆಲ ನೋಡುತ್ತಾ ನಿಂತಿದ್ದರು. ನನಗೆ ವಿಷಯ ಅಲ್ಲೇ ಅರ್ಥವಾಯಿತು, ಕಾರಣ ಮಾತ್ರ ಆಗಲಿಲ್ಲ.

"ಒಂದು ಪತ್ರ ಕಂಪ್ಯೂಟರದಾಗ ಮೊದಲ ಇಟ್ಟಿದ್ರರಿ," ಎಂದಳು, ಅಳುವುದನ್ನು ಮುಗಿಸಿದವರ ದನಿಯಲ್ಲಿ. "ಅದನ್ನ ತೆಗೆದು, ತಪ್ಪು ತಿದ್ದಿ, ಪ್ರಿಂಟ್ ಹೊಡೀಬೇಕು ಅಂದ್ರು. ಹೆಸರಿನ ಮ್ಯಾಲ ಎರಡು ಸಲ ಒತ್ತಿದೆ. ಬರಲಿಲ್ಲ. ಮತ್ತ ಒತ್ತಿದೆ, ಬರಲಿಲ್ಲ. ಆ ಮೌಸ್ ಸವದಿತ್ತರಿ, ಟಕ್ ಅನ್ನವಲ್ದು. ಯಾರನ್ನೂ ಕೇಳಂಗಿಲ್ಲ. ಮೈಯೆಲ್ಲಾ ಬೆವತು, ಸಹಾಯ ಒತ್ತಿದೆ. ನಮ್ಮ ಪುಟ ಬಂತು. ಅದನ್ನ ನೋಡಿ ಜೀವ ಬಂದಂಗಾತ್ರಿ. ಕೆಳಗಿನ ಗುಂಡಿ ಒತ್ತಿ ತೆಗೆಯಿರಿ ಅಂತ ಇತ್ತು. ಕೆಳಗ ನೋಡಿದೆ, 'ತೆಗೆ' ಅಂತ ಗುಂಡಿ ಇತ್ತು. ಒತ್ತಿದೆ. ಖಚಿತವೇ ಅಂತ ಕೇಳ್ತು."

ಬೆಂಚಿನ ಮೇಲೆ ಬೆರಳೂರಿ, ಒತ್ತಿದ ಹಾಗೆ ತೋರಿಸಿದಳು.

"ಹೌದು ಅಂತ ಒತ್ತಿದೆ. ಪತ್ರ ಹೋತು."

ಆ ಸಂಸ್ಥೆಯವರು, ತಪ್ಪು ತಿದ್ದು ಎಂದರೆ ಪತ್ರವನ್ನೇ ಅಳಿಸಿದಳು ಎಂದು ನಕ್ಕು, ಮುಂದಿನವರನ್ನು ಕರೆದರು. ಕೆಲಸ ಕುಕನೂರಿನ ಕಡೆಯ ಒಬ್ಬ ಹುಡುಗನಿಗೆ ಹೋಯಿತು.

'ತೆಗೆ' ಎಂಬ ಗುಂಡಿಯೇ ಇರಲಿಲ್ಲವಲ್ಲ, ಎಲ್ಲಿಂದ ಬಂತು? ಈರಣ್ಣನವರು ಒಂದು ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿ, ಕಿಟಕಿಯನ್ನು ಕಿರಿದು ಮಾಡಿ ತೋರಿಸಿದರು. ಬರಹಗಳ ಪಟ್ಟಿಯ ಕೆಳಗೆ ಎರಡು ಗುಂಡಿಗಳಿದ್ದವು. ಒಂದರ ಮೇಲೆ 'ತೆರೆ'. ಇನ್ನೊಂದರ ಮೇಲೆ, ಗುಂಡಿಗಳಿಗೆ ಹೆಸರಿಟ್ಟ ಆ ಪುಣ್ಯಾತ್ಮರು ಎಂದೋ ಬರೆದಿಟ್ಟ 'ತೆಗೆದುಹಾಕು', ಎಂದರೆ ಅಳಿಸು. ನಮ್ಮ ಅಗಲ ಪರದೆಗಳಲ್ಲಿ ಅದು ಪೂರ್ತಿ ಕಾಣುತ್ತಿತ್ತು, ಆದ್ದರಿಂದ ಅದರಲ್ಲಿ 'ತೆಗೆ' ಅಡಗಿದೆ ಎಂಬುದು ನಮ್ಮ ಗಮನಕ್ಕೆ ಎಂದೂ ಬಂದಿರಲಿಲ್ಲ. ಅಲ್ಲಿನ ಸಣ್ಣ ಪರದೆಯಲ್ಲಿ ಜಾಗ ಸಾಲದೆ ಪದ ಅರ್ಧಕ್ಕೆ ಕತ್ತರಿಸಿತ್ತು: 'ತೆಗೆ', ಮುಂದೆ ಮೂರು ಚುಕ್ಕೆ.

ನಾನು ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈರಣ್ಣನವರ ಮುಖ ನೋಡಿ ನುಂಗಿಕೊಂಡೆ. ಹೇಳಿದ್ದರೂ ಏನು ಸುಖ? ಇದು ಯಾರ ತಪ್ಪೆಂದು ಹುಡುಕಿದರೆ ಯಾರೂ ಸಿಗುತ್ತಿರಲಿಲ್ಲ. ಗುಂಡಿಗೆ ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದರು, ನಾವು ಜನರ ಮಾತಿನಲ್ಲಿಯೇ ಬರೆದಿದ್ದೆವು, ಅವಳು ಬರೆದಂತೆಯೇ ಮಾಡಿದ್ದಳು. ಇಂಥದ್ದಕ್ಕೆ ಬೈಯಲು ಕೂಡ ಯಾರೂ ಇರುವುದಿಲ್ಲ ಎನ್ನುವುದೇ ಹೆಚ್ಚು ಸಂಕಟ.

ಈರಣ್ಣನವರು ಯಲಬುರ್ಗಾಕ್ಕೆ ಹೋಗಿ ಕೈಮುಗಿದು ಬಂದರು. ಒಬ್ಬರಿಗೆ ಎರಡನೇ ಸಲ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದರಂತೆ. ಅದೂ ಸುಳ್ಳಲ್ಲ. ಬೆಂಗಳೂರಿಗೆ ನಾನು ಉದ್ದದ ಕಾಗದ ಬರೆದೆ. ಸಂಯೋಜಕರು ಒಳ್ಳೆಯವರೇ, ನೊಂದುಕೊಂಡರು. ಆದರೆ ಈ ಸಲದ ಆವೃತ್ತಿ ಹೊರಬಿದ್ದಾಗಿದೆ, ಮುಂದಿನ ಸಲ ಖಂಡಿತ ಸರಿಪಡಿಸೋಣ ಎಂದು ಬರೆದರು.

ಕಾಲುವೆಗೆ ನೀರು ಬಿಟ್ಟರು. ಶಾಂತವ್ವ ಬರುವುದು ನಿಂತಿತು.

ಒಂದು ಭಾನುವಾರ ರುದ್ರಗೌಡರು, ಅವಳನ್ನು ಸಾಣಾಪುರದ ಹತ್ತಿರದ ಗದ್ದೆಯಲ್ಲಿ ಕಂಡೆನೆಂದು ಹೇಳಿದರು. ಅಲ್ಲಿಗೆ ಹೋಗಲು ಈರಣ್ಣನವರಿಗೆ ಧೈರ್ಯ ಬರಲಿಲ್ಲ. ನಾನು ಹೋದೆ. ಬ್ಯಾಗಿನಲ್ಲಿ ತಿದ್ದಿದ ಪುಟವಿತ್ತು. ಏಕೆ ಒಯ್ದೆನೋ, ಅವಳು ಓದದ ಪುಟ ಕಳಿಸುವ ರೂಢಿ ನಮಗೆ ತಪ್ಪಿಹೋಗಿತ್ತು.

ಬಂಡೆಗುಡ್ಡಗಳ ನಡುವೆ ನೀರು ತುಂಬಿದ ಗದ್ದೆಗಳು. ಅದೇ ಜಿಲ್ಲೆ ಎಂದು ನಂಬುವುದೇ ಕಷ್ಟವಾಗುವಷ್ಟು ಹಸಿರು. ಬಣ್ಣಬಣ್ಣದ ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಹೆಜ್ಜೆಯಿಡುತ್ತಾ ಸಸಿ ನೆಡುತ್ತಿದ್ದರು. ಮೇಸ್ತ್ರಿ ತೆಲುಗು ಬೆರೆತ ಕನ್ನಡದಲ್ಲಿ ಯಾರನ್ನೋ ಅವಸರಿಸುತ್ತಿದ್ದ. ನನ್ನನ್ನು ಕಂಡು ಶಾಂತವ್ವ ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ನೆಟ್ಟಗಾದಳು. ಬದುವಿನವರೆಗೆ ಬಂದಳು, ಮೇಲೆ ಹತ್ತಲಿಲ್ಲ.

"ಬಿಸಲಾಗ ಯಾಕ ಬಂದ್ರಿ ಮೇಡಮ್ಮಾರ?"

"ಆ ಪದ ಬದಲಾಯಿಸಿದ್ದೀವಿ ಶಾಂತವ್ವ. ನೀನೊಮ್ಮೆ ನೋಡಬೇಕಿತ್ತು."

"ಕೈ ಕೆಸರದಾವ್ರಿ. ನೀವ ಓದ್ರಿ."

ಓದಿದೆ. 'ತೆರೆ ಎಂಬ ಗುಂಡಿ ಒತ್ತಿ. ತೆರೆ ಎಂದರೆ ಇಲ್ಲಿ ಬಾಗಿಲು ತೆಗೆದ ಹಾಗೆ. ಅದರ ಪಕ್ಕದ ಗುಂಡಿ ಒತ್ತಬೇಡಿ, ಅದು ಅಳಿಸುವ ಗುಂಡಿ. ತಪ್ಪಿ ಒತ್ತಿದರೆ ಖಚಿತವೇ ಎಂದು ಕೇಳುತ್ತದೆ, ಅಲ್ಲ ಎನ್ನಿ.' ಅವಳು ನೆಲ ನೋಡುತ್ತಾ ಕೇಳಿದಳು. ಮುಗಿದ ಮೇಲೆ ತಲೆಯೆತ್ತಿದಳು. ಮೊದಲ ಸಲ ಆ ಮುಖದಲ್ಲಿ ಸಿಟ್ಟು ಕಂಡೆ.

"ಖಚಿತವೇ ಅಂದ್ರ ಏನ್ರಿ? ಏನು ಖಚಿತ? ಆ ಪತ್ರ ಬೇಕು ಅನ್ನೂದು ನನಗ ಖಚಿತ ಇತ್ತು. ಅದಕ್ಕ ಹೌದು ಅಂದೆ. 'ಇದು ಹೋದ್ರ ತಿರುಗಿ ಬರಂಗಿಲ್ಲ, ಹೋಗಲೇನು' ಅಂತ ಕೇಳಿದ್ರ, ನಾನೇನ ಹುಚ್ಚೇನ್ರಿ ಹೌದು ಅನ್ನಾಕ?"

ಬ್ಯಾಗಿನಿಂದ ಪೆನ್ನು ತೆಗೆದು ಅವಳ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

"ಮುಂದಿನ ಸಲ ಹೀಗೇ ಬರುತ್ತೆ," ಎಂದೆ.

"ಮುಂದಿನ ಸಲ ಅಂದ್ರ ಯಾವಾಗ್ರಿ?"

"ಆರು ತಿಂಗಳು ಆಗಬಹುದು."

ಅವಳು ಗದ್ದೆಯ ಕಡೆ ತಿರುಗಿ ನೋಡಿದಳು. ಸಾಲು ಅವಳನ್ನು ಬಿಟ್ಟು ಹಿಂದೆ ಸರಿದಿತ್ತು. ಪಕ್ಕದವಳು ಇವಳ ಪಾಲಿನ ಸಸಿಯನ್ನೂ ನೆಡುತ್ತಿದ್ದಳು.

"ಆರು ತಿಂಗಳಿಗೆ ಎರಡನೇ ಬೆಳಿ ಹಚ್ಚೂದು ಬರತೈತ್ರಿ. ಆವಾಗೂ ನಾನು ಇಲ್ಲೇ ಇರತೀನಿ. ಬಂದು ಓದಿ ಹೇಳ್ರಿ," ಎಂದು ಕೆಸರಿಗೆ ಇಳಿದುಹೋದಳು.

ವ್ಯಂಗ್ಯವಾಗಿ ಅಂದಳೋ, ನಿಜವಾಗಿ ಅಂದಳೋ ಇವತ್ತಿಗೂ ಗೊತ್ತಿಲ್ಲ. ನಾನು ನಿಜವೆಂದೇ ತೆಗೆದುಕೊಂಡೆ. ಆ ಮಳೆಗಾಲವಿಡೀ, ಆಮೇಲಿನ ಚಳಿಯಲ್ಲೂ, ಆ ಒಂದು ಸಾಲಿಗಾಗಿ ಜಗಳವಾಡಿದೆ. ಅಳಿಸುವ ಗುಂಡಿಯ ಹೆಸರು, ಅದು ಕೇಳುವ ಪ್ರಶ್ನೆ, ಎರಡೂ ನಮ್ಮ ಕೈಯಲ್ಲಿರಲಿಲ್ಲ, ಬೇರೊಂದು ಗುಂಪಿನದು. ಸಹಾಯದ ಭಾಷೆಗೆ ಒಂದು ಗಾಂಭೀರ್ಯ ಬೇಕೆಂದು ಒಬ್ಬರು, ವಾಕ್ಯ ಉದ್ದವಾಯಿತೆಂದು ಇನ್ನೊಬ್ಬರು. ಮುಖವನ್ನೇ ಕಾಣದ ಜನರಿಗೆ ಬರೆದು ಬರೆದು ಸಾಕಾಯಿತು. ಈರಣ್ಣನವರು ಆಗಲೇ ಸೋತಿದ್ದರು. ಭಾನುವಾರಗಳಲ್ಲಿ ಟೈಪರೈಟರುಗಳ ಕಡೆಯೇ ಹೆಚ್ಚು ಕೂರುತ್ತಿದ್ದರು. ರುದ್ರಗೌಡರು ಬರುವುದು ಕಡಿಮೆಯಾಯಿತು. ಕೊನೆಗೆ ಬೆಂಗಳೂರಿನ ಸಂಯೋಜಕರು, ಬಹುಶಃ ನನ್ನ ಕಾಟ ತಾಳಲಾರದೆ, ಆ ಗುಂಪಿನವರನ್ನು ಒಪ್ಪಿಸಿದರು.

ಸಂಕ್ರಾಂತಿ ಕಳೆದು ಹೊಸ ಆವೃತ್ತಿ ಬಂತು. ಆ ಹೊತ್ತಿಗೆ ನನಗೆ ಊರ ಕಡೆ ವರ್ಗವಾಗಿತ್ತು, ಸಾಮಾನು ಕಟ್ಟುತ್ತಿದ್ದೆ. ಪುಟವನ್ನು ಪ್ರಿಂಟು ತೆಗೆದುಕೊಂಡು ಗಂಗಾವತಿಯ ಬಸ್ಸು ಹತ್ತಿದೆ.

ಅವಳು ಹೇಳಿದಂತೆ ಅಲ್ಲಿಯೇ ಇದ್ದಳು. ಈ ಸಲ ಬದುವಿಗೆ ಬರಲಿಲ್ಲ, ನಿಂತಲ್ಲೇ ನಿಂತಳು. ಸಾಲಿನ ಹೆಂಗಸರೂ ನಿಂತು ನೋಡಿದರು, ಕೈಯಲ್ಲಿ ಸಸಿ ಹಿಡಿದುಕೊಂಡೇ. ನಾನು ಬದುವಿನ ಮೇಲೆ ನಿಂತು, ಗಾಳಿಗೆ ಹಾಳೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದೆ. ಇದು ಹೋದರೆ ತಿರುಗಿ ಬರುವುದಿಲ್ಲ, ಹೋಗಲೇ ಎಂಬ ಸಾಲನ್ನು ಎರಡು ಸಲ ಓದಿದೆ.

ಶಾಂತವ್ವ ಪೂರ್ತಿ ಕೇಳಿಸಿಕೊಂಡಳು.

"ಈಗ ಬರೋಬರಿ ಐತ್ರಿ ಮೇಡಮ್ಮಾರ," ಎಂದಳು. ಆಮೇಲೆ ಬಗ್ಗಿ ಕೈಯಲ್ಲಿದ್ದ ಸಸಿಯನ್ನು ನೆಟ್ಟಳು.